ಕನ್ಸೋಲ್ ಲಾಂಚ್ ವಾರದ ನಂಬರ್ ಏನು ಹೇಳತ್ತೆ, ಏನು ಹೇಳಲ್ಲ

ಹೊಸ ಗೇಮ್ ಕನ್ಸೋಲ್ ಬಂತು ಅಂದ್ರೆ ನಾಲ್ಕೇ ದಿನದಲ್ಲಿ ಒಂದು ನಂಬರ್ ಎಲ್ಲಾ ಕಡೆ ಓಡಾಡೋಕೆ ಶುರುವಾಗತ್ತೆ. 2025ರ ಜೂನ್ 5ಕ್ಕೆ ನಿಂಟೆಂಡೊ ಸ್ವಿಚ್ 2 ಬಂದಾಗಲೂ ಅದೇ ಆಯ್ತು, ನಾಲ್ಕು ದಿನಕ್ಕೆ 35 ಲಕ್ಷಕ್ಕೂ ಹೆಚ್ಚು ಮಾರಾಟ, ನಮ್ಮ ಯಾವ ಮೆಷಿನ್ನೂ ಇಷ್ಟು ಬೇಗ ಮಾರಿರ್ಲಿಲ್ಲ ಅಂತ ಕಂಪನಿನೇ ಹೇಳ್ತು. ಹಿಂದೇನೇ ಪಟ್ಟಿಗಳು ಬಂದ್ವು, ಹಳೇ ಸ್ವಿಚ್ ಇಷ್ಟು, ಸೋನಿಯ ಪ್ಲೇಸ್ಟೇಷನ್ 5 (ಪಿಎಸ್ 5) ಇಷ್ಟು, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಇಷ್ಟು, ಯಾರು ಗೆದ್ರು ಯಾರು ಸೋತ್ರು ಅಂತ. ತೊಂದ್ರೆ ಏನಪ್ಪಾ ಅಂದ್ರೆ ಆ ಪಟ್ಟಿಯಲ್ಲಿರೋ ನಂಬರ್‌ಗಳೆಲ್ಲ ಒಂದೇ ಅಳತೆಗೋಲಲ್ಲಿ ಅಳೆದಿದ್ದಲ್ಲ. ಒಂದು ಎರಡು ದಿನದ್ದು, ಇನ್ನೊಂದು ನಾಲ್ಕು ದಿನದ್ದು, ಒಂದು ಎರಡು ದೇಶದ್ದು, ಮತ್ತೊಂದು ಹದಿಮೂರು ದೇಶದ್ದು, ಒಂದು ಜನ ಕೈಗೆ ತಗೊಂಡಿದ್ದು, ಇನ್ನೊಂದು ಬರೀ ಅಂಗಡಿಗೆ ಕಳಿಸಿದ್ದು.

ಮೊದಲು ನಿಂಟೆಂಡೊದ್ದೇ ಎರಡು ಕನ್ಸೋಲ್ ತಗೊಳ್ಳಿ. ವೀ ಯು 2012ರ ನವೆಂಬರ್ 18ಕ್ಕೆ ಅಮೆರಿಕದಲ್ಲಿ ಬಂತು, ಅದೇ ತಿಂಗಳ ಕೊನೆಗೆ ಯುರೋಪ್, ಡಿಸೆಂಬರ್ 8ಕ್ಕೆ ಜಪಾನ್, ಡಿಸೆಂಬರ್ ಮುಗಿಯೋ ಹೊತ್ತಿಗೆ 30.6 ಲಕ್ಷ ಮಾರಾಟ. ಮೊದಲನೇ ಸ್ವಿಚ್ 2017ರ ಮಾರ್ಚ್ 3ಕ್ಕೆ ಬಂತು, ಮಾರ್ಚ್ 31ರ ಲೆಕ್ಕ 27.4 ಲಕ್ಷ. ಬರೀ ಇವೆರಡನ್ನ ಪಕ್ಕಪಕ್ಕ ಇಟ್ರೆ ವೀ ಯುನೇ ಒಂದು ಹೆಜ್ಜೆ ಮುಂದೆ ಇದ್ದಂಗೆ ಕಾಣತ್ತೆ. ಆದ್ರೆ ವೀ ಯು ತನ್ನ ಇಡೀ ಆಯುಷ್ಯದಲ್ಲಿ ಮಾರಿದ್ದು 1.356 ಕೋಟಿ, ಸ್ವಿಚ್ 15 ಕೋಟಿ ದಾಟ್ತು. 2017ರ ಡಿಸೆಂಬರ್ ಕೊನೆಗೇ, ಅಂದ್ರೆ ಹತ್ತು ತಿಂಗಳಲ್ಲೇ, ಸ್ವಿಚ್ 1.486 ಕೋಟಿ ಮಾರಿ ವೀ ಯುನ ಪೂರ್ತಿ ಜೀವಮಾನದ ಲೆಕ್ಕನ ಹಿಂದಕ್ಕೆ ಹಾಕಿತ್ತು.

ಹಾಗಾದ್ರೆ ವ್ಯತ್ಯಾಸ ಎಲ್ಲಿ ಕಾಣಿಸ್ತು? ಲಾಂಚ್ ಆದ್ಮೇಲಿನ ಮೂರು ತಿಂಗಳಲ್ಲಿ. ವೀ ಯು 2013ರ ಜನವರಿಯಿಂದ ಮಾರ್ಚ್‌ವರೆಗೆ ಮಾರಿದ್ದು 3.9 ಲಕ್ಷ, ಆಮೇಲೆ ಏಪ್ರಿಲ್‌ನಿಂದ ಜೂನ್‌ವರೆಗೆ 1.6 ಲಕ್ಷ, ಅದೂ ಒಂದು ದೇಶದಲ್ಲಲ್ಲ, ಇಡೀ ಪ್ರಪಂಚದಲ್ಲಿ, ಪೂರ್ತಿ ಮೂರು ತಿಂಗಳಿಗೆ. ಮಾರ್ಚ್ ಒಳಗೆ 55 ಲಕ್ಷ ಮಾರ್ತೀವಿ ಅಂತ ಮೊದಲು ಅಂದಾಜು ಹಾಕಿದ್ದ ಕಂಪನಿ ಅದನ್ನ 40 ಲಕ್ಷಕ್ಕೆ ಇಳಿಸ್ತು, ಕೊನೆಗೆ ಬಂದಿದ್ದು 34.5 ಲಕ್ಷ. ಸ್ವಿಚ್‌ದು ಪೂರ್ತಿ ಉಲ್ಟಾ. ಮಾರ್ಚ್ ಒಳಗೆ 20 ಲಕ್ಷ ಅಂತ ಅಂದಾಜು, ಬಂದಿದ್ದು 27.4, ಆಮೇಲೆ ಏಪ್ರಿಲ್‌ನಿಂದ ಜೂನ್‌ವರೆಗೆ, ಯಾವ ಹಬ್ಬದ ಸೀಸನ್ನೂ ಇಲ್ಲದೆ, ಎಷ್ಟೋ ಅಂಗಡಿಲಿ ಸ್ಟಾಕೇ ಸಿಗದೆ ಇರುವಾಗಲೂ, ಇನ್ನೂ 19.7 ಲಕ್ಷ ಹೋಯ್ತು.

ನಮ್ಮಲ್ಲಿ ಸ್ಟಾರ್ ಸಿನಿಮಾ ರಿಲೀಸ್ ನೋಡಿದವರಿಗೆ ಇದು ಹೊಸದೇನಲ್ಲ. ಮೊದಲ ಮೂರು ದಿನ ಥಿಯೇಟರ್ ತುಂಬೋದು ಅಭಿಮಾನಿಗಳಿಂದ, ಸಿನಿಮಾ ನಿಲ್ಲತ್ತಾ ಇಲ್ವಾ ಅಂತ ಗೊತ್ತಾಗೋದು ಸೋಮವಾರದ ಶೋಗೆ. ಕನ್ಸೋಲ್‌ಗೂ ಆ ಸೋಮವಾರ ಇದೆ, ಅದು ಬರೋಕೆ ನಾಲ್ಕೈದು ತಿಂಗಳು ಬೇಕು ಅಷ್ಟೇ.

ಈಗ ಮೊದಲ ವಾರದ ನಂಬರ್ ಒಳಗೆ ಏನಿರತ್ತೆ ನೋಡೋಣ. ಅದ್ರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸ್ಟಾಕ್‌ದು. ಜನ ಎಷ್ಟೇ ಕೇಳಲಿ, ಫ್ಯಾಕ್ಟರಿಯಿಂದ ಒಂದು ಲಕ್ಷ ಪೆಟ್ಟಿಗೆ ಬಂದಿದ್ರೆ ಮಾರಾಟ ಒಂದು ಲಕ್ಷನ ದಾಟೋಕೆ ಸಾಧ್ಯನೇ ಇಲ್ಲ. ಜಪಾನ್‌ನಲ್ಲಿ ಒಂದೇ ವರ್ಷದ ಅಂತರದಲ್ಲಿ ನಡೆದ ಎರಡು ಲಾಂಚ್ ಹೇಳ್ತೀನಿ. 2005ರ ಡಿಸೆಂಬರ್ 10ಕ್ಕೆ ಎಕ್ಸ್‌ಬಾಕ್ಸ್ 360 ಅಲ್ಲಿಗೆ ಬಂತು, ಮೊದಲ ವೀಕೆಂಡ್‌ನಲ್ಲಿ 62 ಸಾವಿರ ಮಾರಾಟ. 2006ರ ನವೆಂಬರ್ 11ಕ್ಕೆ ಪಿಎಸ್ 3 ಬಂತು, ಮಾರಾಟ ಸುಮಾರು 88 ಸಾವಿರ. ಅಯ್ಯೋ ಎರಡೂ ಹೆಚ್ಚುಕಮ್ಮಿ ಒಂದೇ ತರ ಅಲ್ವಾ ಅನ್ಸತ್ತೆ. ಆದ್ರೆ ಎಕ್ಸ್‌ಬಾಕ್ಸ್‌ನೋರು ಜಪಾನ್ ಅಂಗಡಿಗಳಿಗೆ ಕಳಿಸಿದ್ದು ಒಂದೂವರೆ ಲಕ್ಷಕ್ಕೂ ಮೇಲೆ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಶೆಲ್ಫ್ ಮೇಲೇ ಉಳೀತು. ಸೋನಿ ಹತ್ರ ಅವತ್ತು ಜಪಾನ್‌ಗೆ ಅಂತ ಇದ್ದಿದ್ದೇ ಸುಮಾರು ಒಂದು ಲಕ್ಷ, ಅದು ಹೆಚ್ಚುಕಮ್ಮಿ ಎಲ್ಲಾ ಖಾಲಿ. ಒಂದರಲ್ಲಿ ಪೆಟ್ಟಿಗೆ ಇತ್ತು ಗಿರಾಕಿ ಇರ್ಲಿಲ್ಲ, ಇನ್ನೊಂದರಲ್ಲಿ ಗಿರಾಕಿ ಸಾಲಲ್ಲಿ ನಿಂತಿದ್ರು ಪೆಟ್ಟಿಗೆ ಇರ್ಲಿಲ್ಲ. ಮಾರಾಟದ ನಂಬರ್ ಒಂದನ್ನೇ ನೋಡೋರಿಗೆ ಈ ವ್ಯತ್ಯಾಸ ಕಾಣೋದೇ ಇಲ್ಲ.

ಪಿಎಸ್ 3ಗೆ ಸ್ಟಾಕ್ ಕಮ್ಮಿ ಆಗಿದ್ದಕ್ಕೆ ಕಾರಣ ಬ್ಲೂ-ರೇ ಡ್ರೈವ್ ಒಳಗಿನ ನೀಲಿ ಲೇಸರ್ ಡಯೋಡ್, ಆ ಪುಟಾಣಿ ಭಾಗ ಬೇಕಾದಷ್ಟು ತಯಾರಾಗ್ಲಿಲ್ಲ. 2006ರೊಳಗೆ 40 ಲಕ್ಷ ಅಂದಿದ್ದ ಸೋನಿ ಅದನ್ನ 20 ಲಕ್ಷಕ್ಕೆ ಇಳಿಸಿ ಯುರೋಪ್ ಲಾಂಚನ್ನೇ 2007ರ ಮಾರ್ಚ್‌ಗೆ ತಳ್ತು. ಇದು ಹೊಸ ಕಥೆನೂ ಅಲ್ಲ, 2000ದಲ್ಲಿ ಪಿಎಸ್ 2 ಅಮೆರಿಕಕ್ಕೆ ಹೋಗುವಾಗಲೂ ಬಿಡಿಭಾಗ ಸಾಲದೆ ಮೊದಲ ದಿನದ ಸ್ಟಾಕ್ ಹತ್ತು ಲಕ್ಷದಿಂದ ಐದು ಲಕ್ಷಕ್ಕೆ ಇಳೀತು. ಪಿಎಸ್ 2 ಕೊನೆಗೆ 15.5 ಕೋಟಿಗೂ ಮೇಲೆ ಮಾರ್ತು ಅನ್ನೋದು ನೆನಪಿರಲಿ. ಹೊಸ ಕನ್ಸೋಲ್ ಅಂದ್ರೆ ಒಳಗೆ ಹೊಸ ಚಿಪ್ಪು, ಹೊಸ ಚಿಪ್ಪು ಮೊದಮೊದಲು ನೂರು ಮಾಡಿದ್ರೆ ಅದ್ರಲ್ಲಿ ಎಷ್ಟೋ ಟೆಸ್ಟ್‌ನಲ್ಲೇ ಫೇಲ್ ಆಗತ್ತೆ, ತಿಂಗಳುಗಳು ಹೋದ್ಹಂಗೆ ಅದು ಸುಧಾರಿಸತ್ತೆ. ಅದಕ್ಕೇ ಲಾಂಚ್ ದಿನ ಅನ್ನೋದು ಡಿಮ್ಯಾಂಡ್ ಎಲ್ಲಕ್ಕಿಂತ ಮೇಲೆ ಇರೋ ದಿನ, ಸಪ್ಲೈ ಎಲ್ಲಕ್ಕಿಂತ ಕೆಳಗಿರೋ ದಿನ. ಆ ದಿನದ ಮಾರಾಟ ಯಾವಾಗಲೂ ಅವೆರಡರಲ್ಲಿ ಕಮ್ಮಿ ಇರೋದನ್ನೇ ತೋರ್ಸತ್ತೆ.

ಪಿಎಸ್ 5 ಜಪಾನ್‌ನಲ್ಲಿ ಬಂದಾಗ ಫಾಮಿತ್ಸು ಪತ್ರಿಕೆ ಲೆಕ್ಕದ ಪ್ರಕಾರ ನಾಲ್ಕು ದಿನಕ್ಕೆ 1.18 ಲಕ್ಷ, ಅದಕ್ಕಿಂತ ಹಿಂದಿನ ಪಿಎಸ್ 4 ಎರಡೇ ದಿನಕ್ಕೆ 3.22 ಲಕ್ಷ ಮಾರಿತ್ತು. ಜಪಾನ್‌ನಲ್ಲಿ ಪ್ಲೇಸ್ಟೇಷನ್ ಕಥೆ ಮುಗೀತು ಅಂತ ಆಗ ಬರೆದವರು ಎಷ್ಟೋ ಜನ. ಆದ್ರೆ ಅದು ಕೋವಿಡ್ ವರ್ಷ, ಅಂಗಡಿಗೆ ನೇರ ಹೋಗಿ ತಗೊಳ್ಳೋ ಹಾಗೇ ಇರ್ಲಿಲ್ಲ, ಲಾಟರಿ ಹಾಕಿ ಗೆದ್ದವರಿಗೆ ಮಾತ್ರ ಕನ್ಸೋಲ್. ಇಡೀ ಜಗತ್ತಿನ ಲೆಕ್ಕ ತಗೊಂಡ್ರೆ ಪಿಎಸ್ 5 ಐದು ಕೋಟಿ ಮುಟ್ಟಿದ್ದು 2023ರ ಡಿಸೆಂಬರ್‌ನಲ್ಲಿ, ಪಿಎಸ್ 4 ಅದೇ ಐದು ಕೋಟಿ ಮುಟ್ಟಿದ್ದು 2016ರ ಡಿಸೆಂಬರ್‌ನಲ್ಲಿ, ಲಾಂಚ್ ದಿನದಿಂದ ಎಣಿಸಿದ್ರೆ ಎರಡಕ್ಕೂ ಇರೋ ವ್ಯತ್ಯಾಸ ಒಂದು ವಾರದಷ್ಟೂ ಇಲ್ಲ.

ಇನ್ನು "ಮೊದಲ ವಾರ" ಅನ್ನೋ ಮಾತು. ಜಪಾನ್‌ನ ವಾರದ ಲೆಕ್ಕ ಸೋಮವಾರ ಶುರುವಾಗಿ ಭಾನುವಾರಕ್ಕೆ ಮುಗಿಯತ್ತೆ. ಪಿಎಸ್ 4 ಅಲ್ಲಿ ಬಂದಿದ್ದು ಶನಿವಾರ, ಅದಕ್ಕೇ ಅದ್ರ ಮೊದಲ ವಾರ ಅಂದ್ರೆ ಎರಡು ದಿನ. ಸ್ವಿಚ್ ಬಂದಿದ್ದು ಶುಕ್ರವಾರ, ಮೂರು ದಿನ. ಪಿಎಸ್ 5, ಸ್ವಿಚ್ 2 ಎರಡೂ ಗುರುವಾರ, ನಾಲ್ಕು ದಿನ. ಸ್ವಿಚ್‌ದು 3.30 ಲಕ್ಷ, ಪಿಎಸ್ 4ದು 3.22 ಲಕ್ಷ, ಸ್ವಿಚ್ ಮುಂದೆ ಅಂತ ಪಟ್ಟಿ ಹೇಳತ್ತೆ. ದಿನಕ್ಕೆ ಭಾಗಿಸಿ ನೋಡಿ, ಪಿಎಸ್ 4 ದಿನಕ್ಕೆ 1.61 ಲಕ್ಷ, ಸ್ವಿಚ್ 1.10 ಲಕ್ಷ. ಹಾಗಂತ ಈ ಭಾಗಾಕಾರನೂ ಪೂರ್ತಿ ನ್ಯಾಯ ಅಲ್ಲ, ಯಾಕಂದ್ರೆ ಪ್ರೀ-ಆರ್ಡರ್ ಮಾಡಿದೋರೆಲ್ಲ ಮೊದಲ ದಿನವೇ ತಗೊಂಡು ಹೋಗ್ತಾರೆ, ಆ ದಿನ ಶನಿವಾರ ಆದ್ರೂ ಅಷ್ಟೇ ಗುರುವಾರ ಆದ್ರೂ ಅಷ್ಟೇ. ಅಮೆರಿಕದ ತಿಂಗಳ ಲೆಕ್ಕದಲ್ಲೂ ಇಂಥದ್ದೇ ಒಂದು ಗುಟ್ಟಿದೆ. ಅಲ್ಲಿ ಈ ಲೆಕ್ಕ ಇಡೋ ಸಂಸ್ಥೆ ಮೊದಲು ಎನ್‌ಪಿಡಿ ಅಂತಿತ್ತು, ಈಗ ಸರ್ಕಾನಾ, ಅವರ ಕ್ಯಾಲೆಂಡರ್‌ನಲ್ಲಿ ಕೆಲವು ತಿಂಗಳಿಗೆ ನಾಲ್ಕು ವಾರ, ಕೆಲವಕ್ಕೆ ಐದು ವಾರ. ಮಾರ್ಚ್ ಫೆಬ್ರವರಿಗಿಂತ ಮೇಲೆ ಬಂತು ಅಂದಾಗ ಅದ್ರಲ್ಲಿ ಒಂದು ವಾರ ಸುಮ್ನೆ ಜಾಸ್ತಿ ಇದ್ದಿರಬಹುದು.

ಒಂದೇ ಕನ್ಸೋಲ್, ಅದೇ ವೀಕೆಂಡ್, ಆದ್ರೂ ಎರಡು ನಂಬರ್ ಬರೋದೂ ಉಂಟು. ಪಿಎಸ್ 2 ಜಪಾನ್‌ನಲ್ಲಿ 2000ದ ಮಾರ್ಚ್ 4ಕ್ಕೆ ಬಂದಾಗ ಸೋನಿ ಹೇಳಿದ್ದು ಎರಡು ದಿನಕ್ಕೆ 9.8 ಲಕ್ಷ. ಫಾಮಿತ್ಸು ಲೆಕ್ಕದಲ್ಲಿರೋದು ಸುಮಾರು 6.3 ಲಕ್ಷ. ಯಾರೂ ಸುಳ್ಳು ಹೇಳಿಲ್ಲ, ಸೋನಿ ತನ್ನ ವೆಬ್‌ಸೈಟ್‌ಗೆ ಬಂದ ಆರ್ಡರ್‌ಗಳನ್ನೂ ಸೇರಿಸ್ತು, ಫಾಮಿತ್ಸು ಅಂಗಡಿ ಕೌಂಟರ್ ದಾಟಿದ್ದನ್ನ ಎಣಿಸ್ತು. ಸ್ವಿಚ್ 2 ಜಪಾನ್‌ನಲ್ಲಿ ಮೊದಲ ನಾಲ್ಕು ದಿನಕ್ಕೆ 9.47 ಲಕ್ಷ ಮಾರಿದಾಗ ಅದು ಪಿಎಸ್ 2 ದಾಖಲೆ ಮುರೀತಾ ಇಲ್ವಾ ಅನ್ನೋ ಪ್ರಶ್ನೆಗೆ ಉತ್ತರ ಇದ್ರ ಮೇಲೇ ನಿಂತಿದೆ. ಫಾಮಿತ್ಸು ಲೆಕ್ಕ ಹಿಡಿದ್ರೆ ಆರಾಮಾಗಿ ಮುರೀತು, ಸೋನಿ ಲೆಕ್ಕ ಹಿಡಿದ್ರೆ ಸ್ವಲ್ಪದರಲ್ಲಿ ಇಲ್ಲ. ಫಾಮಿತ್ಸು ನಂಬರ್‌ನ ಫಾಮಿತ್ಸು ನಂಬರ್ ಜೊತೆಗೇ ಹೋಲಿಸಬೇಕು ಅನ್ನೋದು ನನ್ನ ಪಕ್ಕಾ ಅಭಿಪ್ರಾಯ, ಹಾಗಾಗಿ ದಾಖಲೆ ಸ್ವಿಚ್ 2ದೇ.

ಕಂಪನಿಗಳು ಮೂರು ತಿಂಗಳಿಗೊಮ್ಮೆ ಕೊಡೋ ರಿಪೋರ್ಟ್‌ನಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಅಲ್ಲಿ "ಮಾರಾಟ" ಅಂದ್ರೆ ಬಹಳ ಸಲ ಅಂಗಡಿಯವರಿಗೆ ಮಾಡಿದ ಮಾರಾಟ. ಪೆಟ್ಟಿಗೆ ಫ್ಯಾಕ್ಟರಿ ಬಿಟ್ಟು ಡಿಸ್ಟ್ರಿಬ್ಯೂಟರ್ ಹತ್ರ, ಅಲ್ಲಿಂದ ಅಂಗಡಿ ಗೋಡೌನ್‌ಗೆ ಹೋಗಿ ಕೂತ್ರೂ ಕಂಪನಿ ಪುಸ್ತಕದಲ್ಲಿ ಅದು ಮಾರಾಟ ಆದಂಗೇ, ಯಾಕಂದ್ರೆ ಅಂಗಡಿಯವನು ದುಡ್ಡು ಕೊಟ್ಟಿದ್ದಾನೆ ಇಲ್ಲಾ ಕೊಡ್ತಾನೆ. ಪಿಎಸ್ 4 ಇದಕ್ಕೆ ಒಳ್ಳೇ ಉದಾಹರಣೆ. 2013ರ ಡಿಸೆಂಬರ್ 28ರ ಹೊತ್ತಿಗೆ ಜನರ ಕೈ ಸೇರಿದ್ದು 42 ಲಕ್ಷ, ಡಿಸೆಂಬರ್ 31ರ ಹೊತ್ತಿಗೆ ಅಂಗಡಿಗಳಿಗೆ ಹೋಗಿದ್ದು 45 ಲಕ್ಷ. ಮಧ್ಯದಲ್ಲಿರೋದು ಬರೀ 3 ಲಕ್ಷ, ಅಂದ್ರೆ ಬಂದಿದ್ದು ಬಂದಂಗೇ ಖಾಲಿ ಆಗ್ತಿತ್ತು. ಈ ಗ್ಯಾಪ್ ದೊಡ್ಡದಾದ್ರೆ ಅದು ಅಪಾಯದ ಗಂಟೆ, ಅಂಗಡಿಯವನು ಹಳೇದು ಮಾರೋ ತನಕ ಹೊಸದು ಆರ್ಡರ್ ಹಾಕಲ್ಲ, ಮುಂದಿನ ಕ್ವಾರ್ಟರ್ ನಂಬರ್ ದಿಢೀರ್ ಅಂತ ಬೀಳತ್ತೆ. ವೀ ಯುನ 1.6 ಲಕ್ಷ ನೆನೆಸ್ಕೊಳ್ಳಿ. ಸೋನಿ ಅಂತೂ 2007ಕ್ಕೆ ಮುಂಚೆ ಫ್ಯಾಕ್ಟರಿಯಿಂದ ಹೊರಟ ಲೆಕ್ಕನೇ ಕೊಡ್ತಿತ್ತು, ಆಮೇಲೆ ಪದ್ಧತಿ ಬದಲಾಯಿಸ್ತು, ಹಾಗಾಗಿ ಪಿಎಸ್ 2 ಕಾಲದ ನಂಬರ್ ಮತ್ತು ಪಿಎಸ್ 4 ಕಾಲದ ನಂಬರ್ ಪಕ್ಕಪಕ್ಕ ಇಡುವಾಗ ಸ್ವಲ್ಪ ಹುಷಾರು.

ದೇಶಗಳ ಲೆಕ್ಕಕ್ಕೆ ಬರೋಣ, ಇದ್ರಲ್ಲಿ 2013ರ ನವೆಂಬರ್‌ಗಿಂತ ಸ್ಪಷ್ಟವಾದ ಪಾಠ ಬೇರೆ ಇಲ್ಲ. ನವೆಂಬರ್ 15ಕ್ಕೆ ಪಿಎಸ್ 4 ಬಂತು, 24 ಗಂಟೆಯಲ್ಲಿ ಹತ್ತು ಲಕ್ಷ ದಾಟ್ತು ಅಂತ ಸೋನಿ ಹೇಳ್ತು. ನವೆಂಬರ್ 22ಕ್ಕೆ ಎಕ್ಸ್‌ಬಾಕ್ಸ್ ಒನ್ ಬಂತು, 24 ಗಂಟೆಯಲ್ಲಿ ಹತ್ತು ಲಕ್ಷ ದಾಟ್ತು ಅಂತ ಮೈಕ್ರೋಸಾಫ್ಟ್ ಹೇಳ್ತು. ಹೆಡ್‌ಲೈನ್ ನೋಡಿದ್ರೆ ಸಮಬಲ. ಆದ್ರೆ ಸೋನಿ ಅವತ್ತು ಮಾರಿದ್ದು ಅಮೆರಿಕ ಮತ್ತು ಕೆನಡಾ, ಎರಡೇ ದೇಶದಲ್ಲಿ, ಮೈಕ್ರೋಸಾಫ್ಟ್ ಮಾರಿದ್ದು ಯುರೋಪ್, ಆಸ್ಟ್ರೇಲಿಯಾ ಎಲ್ಲಾ ಸೇರಿಸಿ 13 ದೇಶದಲ್ಲಿ. ಬೆಲೆನೂ ಬೇರೆ, ಪಿಎಸ್ 4 399 ಡಾಲರ್, ಎಕ್ಸ್‌ಬಾಕ್ಸ್ ಒನ್ 499. ವರ್ಷದ ಕೊನೆಗೆ 42 ಲಕ್ಷಕ್ಕೆ ಎದುರು 30 ಲಕ್ಷಕ್ಕೂ ಮೇಲೆ ಅಂತ ಆಯ್ತು, ಅಲ್ಲಿಂದ ಗ್ಯಾಪ್ ಬೆಳೀತಾನೇ ಹೋಯ್ತು, 2015ರಲ್ಲಿ ಮೈಕ್ರೋಸಾಫ್ಟ್ ಕನ್ಸೋಲ್ ಮಾರಾಟದ ಸಂಖ್ಯೆ ಹೇಳೋದನ್ನೇ ನಿಲ್ಲಿಸ್ತು. 2022ರಲ್ಲಿ ಬ್ರೆಜಿಲ್‌ನ ಸ್ಪರ್ಧಾ ನಿಯಂತ್ರಣ ಸಂಸ್ಥೆಗೆ ಕೊಟ್ಟ ದಾಖಲೆಯಲ್ಲಿ ಪಿಎಸ್ 4 ನಮ್ಮದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮಾರಿದೆ ಅಂತ ಕಂಪನಿನೇ ಒಪ್ಕೊಂಡಿತ್ತು. ಮೊದಲ ದಿನದ "ಹತ್ತು ಲಕ್ಷ ಹತ್ತು ಲಕ್ಷ" ಒಳಗೇ ಆ ಕಥೆಯ ಬೀಜ ಇತ್ತು, ದೇಶ ಎಷ್ಟು ಅಂತ ಕೇಳಿದೋರಿಗೆ ಮಾತ್ರ ಕಾಣ್ತು.

ಮೊದಲ ವಾರ ತಗೊಳ್ಳೋರು ಯಾರು ಅನ್ನೋದು ನನಗೆ ಇದ್ರಲ್ಲೆಲ್ಲ ಅತಿ ಮುಖ್ಯ ಅನ್ಸೋ ಪ್ರಶ್ನೆ. ಆ ಕಂಪನಿನ ವರ್ಷಗಟ್ಟಲೆ ಪ್ರೀತಿಸಿದೋರು, ಗೇಮ್ ಇದ್ರೂ ಇಲ್ದಿದ್ರೂ ತಗೊಳ್ಳೋರು. ಅವರ ಸಂಖ್ಯೆ ಹೆಚ್ಚುಕಮ್ಮಿ ಗೊತ್ತಿರೋದೇ, ಅವರು ತಗೊಂಡು ಮುಗಿದ ಮೇಲೆ ಮಿಕ್ಕವರು ಬರ್ತಾರಾ ಅನ್ನೋದೇ ಪರೀಕ್ಷೆ. ಸೋನಿಯ ಕೈಯಲ್ಲಿ ಹಿಡಿದು ಆಡೋ ಪಿಎಸ್ ವೀಟಾ ಜಪಾನ್‌ನಲ್ಲಿ 2011ರ ಡಿಸೆಂಬರ್ 17ಕ್ಕೆ ಬಂತು, ಎರಡು ದಿನಕ್ಕೆ 3 ಲಕ್ಷಕ್ಕೂ ಮೇಲೆ. ಎರಡನೇ ವಾರ ಕ್ರಿಸ್‌ಮಸ್ ವಾರ, ಪೂರ್ತಿ ಏಳು ದಿನ ಸಿಕ್ಕಿತ್ತು, ಆದ್ರೂ 72 ಸಾವಿರದ ಆಸುಪಾಸಿಗೆ ಬಿತ್ತು. ಅಲ್ಲಿಗೆ ಅಭಿಮಾನಿಗಳ ಸಾಲು ಮುಗಿದಿತ್ತು. ಸೇಗಾದ ಡ್ರೀಮ್‌ಕಾಸ್ಟ್‌ದು ಇನ್ನೂ ನೋವಿನ ಕಥೆ, 1999ರ ಸೆಪ್ಟೆಂಬರ್ 9ಕ್ಕೆ ಅಮೆರಿಕದಲ್ಲಿ ಬಂದು 24 ಗಂಟೆಯಲ್ಲಿ 2.25 ಲಕ್ಷ ಮಾರ್ತು, ಗೇಮ್ ಎಲ್ಲಾ ಸೇರಿ ಒಂದೇ ದಿನಕ್ಕೆ 9.84 ಕೋಟಿ ಡಾಲರ್ ವ್ಯಾಪಾರ, ಆ ಕಾಲಕ್ಕೆ ಅದು ದೊಡ್ಡ ದಾಖಲೆ. 2001ರ ಜನವರಿ ಕೊನೆಗೆ ಸೇಗಾ ಇನ್ನು ಮಾಡಲ್ಲ ಅಂತ ಘೋಷಿಸ್ತು. ಮೆಷಿನ್ ಚೆನ್ನಾಗಿತ್ತು, ಗೇಮ್‌ಗಳೂ ಅದ್ಭುತವಾಗಿದ್ವು, ಆದ್ರೆ ಪಿಎಸ್ 2 ಬರತ್ತೆ ಅಂತ ಮೊದಲೇ ಗೊತ್ತಿದ್ದ ಜನ ಜೇಬು ಮುಚ್ಕೊಂಡು ಕಾದ್ರು, ದೊಡ್ಡ ಗೇಮ್ ಕಂಪನಿ ಇಎ ಡ್ರೀಮ್‌ಕಾಸ್ಟ್‌ಗೆ ಗೇಮ್ ಮಾಡೋಕೇ ಬರ್ಲಿಲ್ಲ.

ಎಡವಿ ಎದ್ದವೂ ಇವೆ. ನಿಂಟೆಂಡೊ 3ಡಿಎಸ್ 2011ರ ಫೆಬ್ರವರಿ-ಮಾರ್ಚ್‌ನಲ್ಲಿ ಬಂದು ಮಾರ್ಚ್ ಕೊನೆಗೆ 36.1 ಲಕ್ಷ, ಮುಂದಿನ ಮೂರು ತಿಂಗಳಿಗೆ ಬರೀ 7.1 ಲಕ್ಷ. ವೀ ಯುಗೆ ಆಮೇಲೆ ಬಂದ ಕಾಯಿಲೆಯ ಲಕ್ಷಣವೇ ಇದು. ಆದ್ರೆ ಇಲ್ಲಿ ಕಂಪನಿ ಕಾಯ್ತಾ ಕೂರ್ಲಿಲ್ಲ, ಆರೇ ತಿಂಗಳಲ್ಲಿ ಜಪಾನ್ ಬೆಲೆನ 25,000 ಯೆನ್‌ನಿಂದ 15,000ಕ್ಕೆ, ಅಮೆರಿಕದಲ್ಲಿ 249.99 ಡಾಲರ್‌ನಿಂದ 169.99ಕ್ಕೆ ಇಳಿಸ್ತು, ಅಧ್ಯಕ್ಷ ಸತೋರು ಇವಾಟಾ ತಮ್ಮ ಸಂಬಳ ಅರ್ಧ ಕಡಿತ ಮಾಡ್ಕೊಂಡ್ರು, ಹಳೇ ಬೆಲೆಗೆ ತಗೊಂಡವರಿಗೆ 20 ಗೇಮ್ ಉಚಿತವಾಗಿ ಕೊಟ್ರು. ಅದು ಕೊನೆಗೆ 7.59 ಕೋಟಿ ಮಾರ್ತು. ದುಬಾರಿ ಬೆಲೆಯಿಂದ ಬೈಸ್ಕೊಂಡ ಪಿಎಸ್ 3 ಕೂಡ 8.7 ಕೋಟಿ ದಾಟ್ತು. ಮೊದಲ ಕೆಲವು ತಿಂಗಳು ರೋಗ ತೋರಿಸತ್ತೆ, ಆದ್ರೆ ಕಂಪನಿ ಔಷಧಿ ಕೊಡತ್ತಾ ಅನ್ನೋದನ್ನ ಯಾವ ನಂಬರೂ ಮೊದಲೇ ಹೇಳಲ್ಲ.

ನಮ್ಮ ಕಡೆ ಈ ಲೆಕ್ಕಗಳು ಇನ್ನೂ ಗೊಂದಲ. ಪಿಎಸ್ 5 ಬೇರೆ ಕಡೆ 2020ರ ನವೆಂಬರ್‌ನಲ್ಲೇ ಬಂತು, ಭಾರತಕ್ಕೆ ಬಂದಿದ್ದು 2021ರ ಫೆಬ್ರವರಿ 2ಕ್ಕೆ, ಬೆಲೆ 49,990 ರೂಪಾಯಿ. ಜನವರಿ 12ರ ಮಧ್ಯಾಹ್ನ ಪ್ರೀ-ಆರ್ಡರ್ ಓಪನ್ ಆಗಿ ಕೆಲವೇ ನಿಮಿಷದಲ್ಲಿ ಎಲ್ಲಾ ಸೈಟ್‌ನಲ್ಲೂ ಸೋಲ್ಡ್ ಔಟ್. ನಿಮಿಷದಲ್ಲಿ ಖಾಲಿ ಅಂದ ತಕ್ಷಣ ಭಾರತದಲ್ಲಿ ಕನ್ಸೋಲ್ ಸುನಾಮಿ ಅಂತ ಅನ್ಸೋದು ಸಹಜ, ಆದ್ರೆ ಬಂದ ಪೆಟ್ಟಿಗೆ ಎಷ್ಟು ಅಂತ ಗೊತ್ತಿಲ್ದೆ ಖಾಲಿ ಆಗೋಕೆ ಎಷ್ಟು ಹೊತ್ತು ಹಿಡೀತು ಅನ್ನೋದ್ರಿಂದ ಏನೂ ತಿಳಿಯಲ್ಲ. ನಿಂಟೆಂಡೊ ಅಂತೂ ಇಲ್ಲಿ ಅಧಿಕೃತವಾಗಿ ಮಾರೋದೇ ಇಲ್ಲ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ಚೌಕಾಶಿ ಮಾಡಿ ತಗೊಂಡ ಸ್ವಿಚ್ ಹೊರದೇಶದಿಂದ ಬಂದಿರೋದು, ಕಂಪನಿ ಲೆಕ್ಕದಲ್ಲಿ ಅದು ಅಲ್ಲಿನ ಮಾರಾಟವಾಗಿ ಎಂದೋ ಸೇರಿರತ್ತೆ. ಇಲ್ಲಿ ಎಷ್ಟು ಜನ ಆಡ್ತಿದಾರೆ ಅನ್ನೋದು ಆ ಪಟ್ಟಿಯಲ್ಲಿ ಕಾಣಿಸಲ್ಲ, ಇದ್ರ ಬಗ್ಗೆ ನನಗೆ ನಿಜಕ್ಕೂ ಬೇಜಾರಿದೆ, ಯಾಕಂದ್ರೆ ಲೆಕ್ಕದಲ್ಲಿ ಇಲ್ದಿರೋ ಮಾರ್ಕೆಟ್‌ಗೆ ಸರ್ವಿಸ್ ಸೆಂಟರ್ರೂ ಬರಲ್ಲ, ನಮ್ಮ ರೂಪಾಯಿ ಬೆಲೆನೂ ಬರಲ್ಲ.

ಕನ್ಸೋಲ್ ಸಂಖ್ಯೆ ಜೊತೆಗೆ ಗೇಮ್ ಸಂಖ್ಯೆನೂ ನೋಡೋದು ಒಳ್ಳೇ ಅಭ್ಯಾಸ, ಒಂದು ಮೆಷಿನ್‌ಗೆ ಸರಾಸರಿ ಎಷ್ಟು ಗೇಮ್ ಹೋಯ್ತು ಅಂತ. ಮೆಷಿನ್‌ನಲ್ಲಿ ಲಾಭ ಕಮ್ಮಿ, ಪಿಎಸ್ 3 ತರದ್ದು ಶುರುವಲ್ಲಿ ನಷ್ಟಕ್ಕೇ ಮಾರಾಟ ಆಗ್ತಿತ್ತು, ದುಡ್ಡು ಬರೋದು ಗೇಮ್‌ನಿಂದ. 2017ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಸ್ವಿಚ್ 9.06 ಲಕ್ಷ ಮಾರ್ತು, ಅದೇ ತಿಂಗಳು ಜೆಲ್ಡಾ ಗೇಮ್‌ನ ಸ್ವಿಚ್ ಆವೃತ್ತಿ 9.25 ಲಕ್ಷ ಮಾರ್ತು. ಕನ್ಸೋಲ್‌ಗಿಂತ ಗೇಮೇ ಜಾಸ್ತಿ! ಸ್ಪೆಷಲ್ ಎಡಿಷನ್ ಒಂದು ಎತ್ತಿಡೋಕೆ, ಮಾಮೂಲಿದೊಂದು ಆಡೋಕೆ ಅಂತ ಎರಡೆರಡು ತಗೊಂಡವರಿದ್ರು, ಕನ್ಸೋಲ್ ಸಿಗ್ದೆ ಇದ್ರೂ ಗೇಮ್ ತಗೊಂಡು ಇಟ್ಕೊಂಡವರಿದ್ರು. ಆ ಒಂದು ಜೋಡಿ ಸಂಖ್ಯೆ ಸ್ವಿಚ್ ಎಲ್ಲಿಗೆ ಹೋಗತ್ತೆ ಅಂತ 27.4 ಲಕ್ಷಕ್ಕಿಂತ ಚೆನ್ನಾಗಿ ಹೇಳಿತ್ತು.

ಸ್ಟಾಕ್ ಸಾಲದಾಗ ಡಿಮ್ಯಾಂಡ್ ಅಳೆಯೋ ದಾರಿ ಅಪರೂಪಕ್ಕೆ ಸಿಗತ್ತೆ, ಸ್ವಿಚ್ 2 ವಿಷಯದಲ್ಲಿ ಸಿಕ್ತು. ಜಪಾನ್‌ನಲ್ಲಿ ನಿಂಟೆಂಡೊ ತನ್ನ ಸ್ವಂತ ಆನ್‌ಲೈನ್ ಅಂಗಡಿಯಲ್ಲಿ ಲಾಟರಿ ಇಟ್ಟಿತ್ತು, ಅದಕ್ಕೆ ಸೇರ್ಬೇಕು ಅಂದ್ರೆ ಹಳೇ ಸ್ವಿಚ್‌ನಲ್ಲಿ 50 ಗಂಟೆಗೂ ಹೆಚ್ಚು ಆಡಿರ್ಬೇಕು, ಆನ್‌ಲೈನ್ ಸದಸ್ಯತ್ವ ಒಟ್ಟು ಒಂದು ವರ್ಷ ಆಗಿರ್ಬೇಕು. ಮರುಮಾರಾಟ ಮಾಡೋ ದಲ್ಲಾಳಿಗಳನ್ನ ಹೊರಗಿಡೋಕೆ ಇಟ್ಟ ಷರತ್ತು. ಇಷ್ಟೆಲ್ಲಾ ಇದ್ರೂ ಅರ್ಜಿ ಹಾಕಿದೋರು ಸುಮಾರು 22 ಲಕ್ಷ ಜನ, ಒಂದೇ ದೇಶ, ಒಂದೇ ಅಂಗಡಿ. ಮೊದಲ ವಾರ ಅಲ್ಲಿ ಮಾರಿದ 9.47 ಲಕ್ಷದ ಹಿಂದೆ ಎಷ್ಟು ಜನ ಕಾಯ್ತಿದ್ರು ಅಂತ ಇದ್ರಿಂದ ಗೊತ್ತಾಯ್ತು. ಆಮೇಲೆ ಬಂದ ಅಂಕಿಗಳು ಇದಕ್ಕೆ ಹೊಂದತ್ತೆ, ಜೂನ್ ಕೊನೆಗೆ ಜಗತ್ತಿನ ಲೆಕ್ಕ 58.2 ಲಕ್ಷ, ಸೆಪ್ಟೆಂಬರ್ ಕೊನೆಗೆ 1.036 ಕೋಟಿ. ಅಂದ್ರೆ ಹಬ್ಬ ಇಲ್ಲದ ಜುಲೈನಿಂದ ಸೆಪ್ಟೆಂಬರ್‌ವರೆಗೆ 45 ಲಕ್ಷಕ್ಕೂ ಮೇಲೆ, ವೀ ಯು ಮತ್ತು 3ಡಿಎಸ್ ಎರಡೂ ಎಡವಿದ್ದ ಆ ಎರಡನೇ ಕ್ವಾರ್ಟರ್‌ನಲ್ಲಿ.